ಬೇಲಿ ಕೀಳುವವರ ಊರಿನಲ್ಲಿ

ಬಿ.ಸಿ.ರೋಡ್

ನಾನು ಬೇಲಿ ಮಾರುವವನು. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನನ್ನ ಅಂಗಡಿ. ಕಲ್ಲುಕಂಬ, ಮುಳ್ಳುತಂತಿ, ಹಂದಿ ಬಾರದ ಹಾಗೆ ಕರೆಂಟು ಹರಿಸುವ ಸೋಲಾರ್ ಬೇಲಿ, ಕಬ್ಬಿಣದ ಗೇಟು, ಎಲ್ಲವೂ ಸಿಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿ ಎಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೂ ಕೊನೆಗೆ ವ್ಯಾಪಾರ ಆಗುವುದು ಹಮೀದ್ ಬ್ಯಾರಿಗೆ ಎಂದು ಧರಣೇಂದ್ರ ನನ್ನ ಕಾಲೆಳೆಯುತ್ತಿದ್ದ. ಇಂಥ ನಾನು ಇಂಗ್ಲೆಂಡಿಗೆ ಹೋಗಿ ಜನ ಬೇಲಿ ಕೀಳುವುದನ್ನು ನೋಡಿಕೊಂಡು ಬಂದೆ. ಅಂಗಡಿಯ ಹುಡುಗರಿಗೆ ಇದನ್ನು ಹೇಳಿದಾಗ ಅವರು ಮುಖ ಮುಖ ನೋಡಿಕೊಂಡರು.

ಧರಣೇಂದ್ರ ನನ್ನ ಶಾಲೆಯ ಗೆಳೆಯ. ಬೆಳ್ತಂಗಡಿಯಿಂದಾಚೆ ಘಟ್ಟದ ಬುಡದಲ್ಲಿ ಅವನ ಜಾಗ. ಜೈನರ ದೊಡ್ಡ ಕುಟುಂಬ, ಪಾಲಾಗಿ ಪಾಲಾಗಿ ಇವನಿಗೆ ಉಳಿದದ್ದು ಒಂದು ಗುಡ್ಡ. ಅದಕ್ಕೆ ತಾಗಿ ಕಾಡಿನ ಅಂಚಿನವರೆಗೂ ಯಾರೋ ಬಿಟ್ಟುಹೋದ ರಬ್ಬರ್ ತೋಟವಿತ್ತು. ಕಳೆದ ವರ್ಷ ಅದನ್ನೂ ಕೊಂಡ. ರಬ್ಬರ್ ಹಾಲು ತೆಗೆಯುವುದಕ್ಕಾಗಿ ಅಲ್ಲ.

"ರಬ್ಬರ್ ಎಲ್ಲ ಕಡಿಸುವುದು. ಆಮೇಲೆ ಸುಮ್ಮನೆ ಬಿಡುವುದು. ಕಡವೆ ಬರಲಿ, ಕಾಟಿ ಬರಲಿ, ಮಂಗಟ್ಟೆ ಹಕ್ಕಿ ಬರಲಿ. ನನಗೆ ಇನ್ನು ಯಾರಿಗೆ ಮಾಡಿ ಇಡ್ಲಿಕ್ಕುಂಟು?" ಎಂದ. ಅವನಿಗೆ ಮಕ್ಕಳಿಲ್ಲ. "ಕಾಡಿನ ಕಡೆ ತೆರೆದಿಡು. ಊರಿನ ಕಡೆ ಇಡೀ ಬೇಲಿ ಹಾಕಿ ಕೊಡು."

ಅಲ್ಲಿಯೇ ನಮಗೆ ಚರ್ಚೆ ಶುರುವಾದದ್ದು. ಆ ಜಾಗದ ನಡುವಿನಿಂದ ಒಂದು ಕಾಲುದಾರಿ ಹೋಗುತ್ತದೆ. ಮೇಲಿನ ಮನೆಗಳವರು ಡಾಮರು ರಸ್ತೆಗೆ ಇಳಿಯುವುದು ಅದರಲ್ಲಿ. ಬೇಲಿ ಬಂದರೆ ಅವರು ಇಡೀ ಗುಡ್ಡ ಸುತ್ತಿ ಬರಬೇಕು.

"ಒಂದು ತಡಮೆ ಇಡುವ ಮಾರಾಯ" ಎಂದೆ ನಾನು. ತಡಮೆ ಎಂದರೆ ಬೇಲಿಯ ಎರಡೂ ಬದಿಗೆ ಕಲ್ಲೋ ಹಲಗೆಯೋ ಇಟ್ಟು ಮಾಡಿದ ಮೆಟ್ಟಿಲು. ಮನುಷ್ಯ ದಾಟಬಹುದು, ದನ ದಾಟಲಾರದು.

"ಕಡವೆಗೆ ಉರುಳು ಇಡುವವನೂ ಮನುಷ್ಯನೇ ಅಲ್ವಾ ಬ್ಯಾರಿ? ಅವನೂ ದಾಟ್ತಾನೆ. ಬೇಲಿ ಮಾರುವವನೇ ಬೇಲಿ ಬೇಡ ಅಂದರೆ ನಿನ್ನ ಅಂಗಡಿ ಉದ್ಧಾರ ಆದ ಹಾಗೆಯೇ."

ಈ ಮಾತು ತಿಂಗಳುಗಟ್ಟಲೆ ನಡೆಯಿತು. ಕಲ್ಲುಕಂಬಗಳು ಅವನ ಜಾಗಕ್ಕೆ ಹೋಗಿ ರಾಶಿ ಬಿದ್ದವು. ಆಗ ಹೆಲೆನ್ ಎಂಬವಳ ಫೋನು ಬಂತು. ಕೆಲವು ವರ್ಷಗಳ ಹಿಂದೆ ಹಕ್ಕಿ ನೋಡಲು ಬಂದು ಧರಣೇಂದ್ರನ ಮನೆಯಲ್ಲಿ ಉಳಿದು, ಅವನ ಹೆಂಡತಿ ಸುಮತಿಯಕ್ಕನಿಂದ ನೀರುದೋಸೆ ಎರೆಯಲು ಕಲಿತು ಹೋದವಳು. ಅವಳ ಸಂಸ್ಥೆ ಇಂಗ್ಲೆಂಡಿನ ಉತ್ತರದಲ್ಲಿ ಒಂದು ಇಡೀ ಕಣಿವೆಯನ್ನು ಹಕ್ಕಿ ಪ್ರಾಣಿಗಳಿಗಾಗಿ ಕೊಂಡಿತ್ತಂತೆ. ಅವರಿಗೂ ಇದೇ ತಲೆನೋವು, ಜನರನ್ನು ಬಿಡುವುದೋ ಬೇಡವೋ ಎಂದು. "ಇಬ್ಬರೂ ಬಂದು ನೋಡಿ, ಆಮೇಲೆ ಬೇಲಿ ಹಾಕಿ" ಎಂದಳು. ಇಬ್ಬರಿಗೂ ವೀಸಾ ಬಂತು. ಮೇ ತಿಂಗಳಲ್ಲಿ ಹೊರಡುವುದೆಂದು ಆಯಿತು.

ಎಪ್ರಿಲಿನ ಒಂದು ಮಧ್ಯಾಹ್ನ ಧರಣೇಂದ್ರನ ಕಾರು ನನ್ನ ಅಂಗಡಿಯೆದುರು ನಿಂತಿತು. ಬೇರೆಯವರು ಓಡಿಸುತ್ತಿದ್ದರು, ಅವನು ಹಿಂದೆ ಒರಗಿ ಕೂತಿದ್ದ. ಎದೆಯಲ್ಲಿ ಏನೋ ಉರಿ, ಮಂಗಳೂರಿಗೆ ತೋರಿಸಿ ಬರುತ್ತೇನೆ ಎಂದ. ನಾನೂ ಬರುತ್ತೇನೆ ಎಂದರೆ ಕೇಳಲಿಲ್ಲ, ಅಂಗಡಿ ನೋಡು ಎಂದ. ಕಾರು ಹೊರಡುವಾಗ ಕಿಟಕಿಯಿಂದ ಕೈ ಹೊರಹಾಕಿ "ಬರ್ಪೆ" ಎಂದ. ತುಳುವಿನಲ್ಲಿ ಬರ್ತೇನೆ ಎಂದು. ಆಸ್ಪತ್ರೆಯಲ್ಲಿ ಅವನಿಗೆ ಮತ್ತೆ ಮಾತು ಬರಲಿಲ್ಲ. ಆ ದಿನ ಸುಮತಿಯಕ್ಕ ಮೂಡುಬಿದಿರೆಯ ತವರಿನಲ್ಲಿದ್ದರು. ಅವರು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ನಾನು ಪ್ರಯಾಣ ಬೇಡವೆಂದು ಬಿಟ್ಟಿದ್ದೆ. ಹೇಳಿ ಕಳಿಸಿದವರು ಸುಮತಿಯಕ್ಕನೇ. "ಹೋಗಿ ಬನ್ನಿ ಹಮೀದಣ್ಣ. ದಾರಿ ಮುಚ್ಚುವುದಾ, ಬಿಡುವುದಾ, ನೀವು ನೋಡಿ ಬಂದು ಹೇಳಿದ ಹಾಗೆ ಮಾಡುವ. ನನಗೆ ಆ ಜಾಗಕ್ಕೆ ಕಾಲಿಡಲಿಕ್ಕೇ ಆಗುವುದಿಲ್ಲ." ಹಾಗೆ, ಇಬ್ಬರ ನಡುವೆ ತೀರ್ಮಾನವಾಗದ ಒಂದು ಚರ್ಚೆಯನ್ನು ಒಬ್ಬನೇ ಹೊತ್ತುಕೊಂಡು ಹೊರಟೆ.

ಉತ್ತರಕ್ಕೆ ಹೋಗುವ ರೈಲು

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನನ್ನ ಪಕ್ಕದ ಸೀಟಿನಲ್ಲಿ ಧರಣೇಂದ್ರ ಕೂರಬೇಕಿತ್ತು, ಯಾರೋ ಒಬ್ಬರು ಕೂತು ಇಡೀ ದಾರಿ ನಿದ್ದೆ ಮಾಡಿದರು. ಅವರ ಮೇಲೆ ನನಗೆ ಸುಮ್ಮನೆ ಸಿಟ್ಟು ಬಂತು.

ಲಂಡನ್ನಿನಿಂದ ರೈಲು. ಬೋಗಿ ತುಂಬ ಜನ, ಮಾತೇ ಇಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸು ಹತ್ತಿದರೆ ಸಿದ್ದಕಟ್ಟೆ ಬರುವುದರೊಳಗೆ ಪಕ್ಕದವರು ನನ್ನ ಮನೆ ಎಲ್ಲಿ, ಯಾರ ಮಗ, ಮಗಳನ್ನು ಎಲ್ಲಿಗೆ ಕೊಟ್ಟದ್ದು, ಎಲ್ಲ ಕೇಳಿ ಮುಗಿಸಿರುತ್ತಾರೆ. ಇಳಿಯುವಾಗ ನಮಗೆ ಏನಾದರೊಂದು ಸಂಬಂಧ ಹುಟ್ಟಿರುತ್ತದೆ. ಇಲ್ಲಿ ಎದುರಿನ ಹೆಂಗಸಿಗೆ ಮನೆಯಿಂದ ತಂದ ಚಕ್ಕುಲಿಯ ಡಬ್ಬಿ ಚಾಚಿದೆ. ಆಕೆ ಕಿವಿಯಿಂದ ಇಯರ್‌ಫೋನ್ ತೆಗೆದು, ಬಹಳ ಒಳ್ಳೆಯ ನಗು ನಕ್ಕು, ಬೇಡವೆಂದು ಹೇಳಿ, ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ತಪ್ಪೇನೂ ಇಲ್ಲ. ಆದರೆ ಆ ಚಕ್ಕುಲಿ ಆಮೇಲೆ ನನಗೂ ಸೇರಲಿಲ್ಲ.

ಹೊರಗೆ ಹಸಿರು, ಕುರಿ, ಕಲ್ಲಿನ ಗೋಡೆ. ಮತ್ತೆ ಹಸಿರು, ಕುರಿ, ಕಲ್ಲಿನ ಗೋಡೆ. "ನಿನಗೆ ಇಲ್ಲಿ ವ್ಯಾಪಾರ ಆಗಲಿಕ್ಕಿಲ್ಲ ಬ್ಯಾರಿ, ಇವರ ಬೇಲಿ ಅಜ್ಜನ ಕಾಲಕ್ಕೇ ಕಟ್ಟಿ ಮುಗಿದಿದೆ" ಎಂದು ಧರಣೇಂದ್ರ ಇದ್ದಿದ್ದರೆ ಹೇಳುತ್ತಿದ್ದ. ಹೇಳಿದನೆಂದೇ ಅಂದುಕೊಂಡೆ.

ಕಣಿವೆ

ಊರಿನ ಹೆಸರು ಬರೆದರೆ ನಿಮಗೆ ಉಪಯೋಗವಿಲ್ಲ, ನನಗೆ ಉಚ್ಚರಿಸಲೂ ಬರುವುದಿಲ್ಲ. ಎರಡು ಬೋಳುಗುಡ್ಡ, ನಡುವೆ ಹರಿಯುವ ಒಂದು ತೋಡು, ಅಲ್ಲೊಂದು ಇಲ್ಲೊಂದು ಮನೆ. ಹೆಲೆನ್ ತನ್ನ ಮನೆಯ ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಳು. ಧರಣೇಂದ್ರನ ವಿಷಯ ಮಾತಾಡಲು ಶುರುಮಾಡಿ, ಮುಗಿಸಲಾಗದೆ, ಚಹಾ ಮಾಡಲು ಎದ್ದುಹೋದಳು.

ಮರುದಿನ ಜಾಗ ತೋರಿಸಿದಳು. ನನಗೆ ಮೊದಲು ಕಂಡದ್ದು ಕಿತ್ತು ಸುತ್ತಿಟ್ಟ ಮುಳ್ಳುತಂತಿಯ ದೊಡ್ಡ ರಾಶಿ. ಒಳ್ಳೆಯ ತಂತಿ, ಇನ್ನೂ ಹತ್ತಾರು ವರ್ಷ ಬಾಳುವಂಥದ್ದು. ಒಂದು ಸುರುಳಿ ಎತ್ತಿ ತೂಕ ನೋಡಿದೆ. "ಹಾರುವ ಹಕ್ಕಿ ಸಿಕ್ಕಿಕೊಳ್ಳುತ್ತದೆ" ಎಂದಳು ಹೆಲೆನ್.

ಆಮೇಲೆ ಕಂಡದ್ದು ಮರ ಕಡಿಯುವುದು. ಪ್ರಾಣಿಗಳಿಗಾಗಿ ಕೊಂಡ ಜಾಗದಲ್ಲಿ ಮರ ಕಡಿಯುತ್ತಿದ್ದಾರೆಂದರೆ ನಮ್ಮಲ್ಲಿ ಪೇಪರಿನವರು ಓಡಿ ಬಂದಾರು. ಆದರೆ ಆ ಮರಗಳು ಯಾರೋ ಸಾಲು ಹಿಡಿದು ನೆಟ್ಟವು, ನಮ್ಮ ಗುಡ್ಡದ ಮೇಲಿನ ಪದವುಗಳಲ್ಲಿ ಅಕೇಶಿಯಾ ನೆಟ್ಟ ಹಾಗೆ. ಅಡಿಯಲ್ಲಿ ಹುಲ್ಲಿಲ್ಲ, ಒಳಗೆ ಹಕ್ಕಿಯ ಸೊಲ್ಲಿಲ್ಲ. ಗುಡ್ಡ ಮೊದಲು ನೀರು ನಿಲ್ಲುವ ಜವುಗು ನೆಲವಾಗಿತ್ತಂತೆ. ಕುರಿ ಮೇಯಿಸಲೆಂದು ಚರಂಡಿ ತೋಡಿ ಒಣಗಿಸಿದ್ದರು. ಈಗ ಆ ಚರಂಡಿಗಳಿಗೆ ಅಡ್ಡಲಾಗಿ ಮಣ್ಣು, ಮರ ಹಾಕಿ ನೀರು ನಿಲ್ಲಿಸುತ್ತಿದ್ದರು. ಅದು ನನಗೆ ತಕ್ಷಣ ಅರ್ಥವಾಯಿತು. ನಾವು ತೋಡಿಗೆ ಕಟ್ಟ ಹಾಕುವುದಿಲ್ಲವೇ, ಅದೇ.

ಮುಂದೆ ಹೋದಾಗ ಕಲ್ಲಿನ ಗೋಡೆಯಲ್ಲಿ, ಅಡ್ಡಕ್ಕೆ ಚಾಚಿದ ಚಪ್ಪಡಿಗಳು ಮೆಟ್ಟಿಲಾಗಿ ಈ ಕಡೆಯಿಂದ ಹತ್ತಿ ಆ ಕಡೆಗೆ ಇಳಿಯುತ್ತಿದ್ದವು. ತಡಮೆ! ಅಚ್ಚು ನಮ್ಮ ತಡಮೆ!

"ಏ ಧರಣಾ, ತೂಲ" ಎಂದು ತಿರುಗಿಯೇಬಿಟ್ಟೆ, ನೋಡು ಎಂದು. ಹಿಂದೆ ಗುಡ್ಡ ಇತ್ತು, ಗಾಳಿ ಇತ್ತು. ಇಡೀ ಪ್ರವಾಸದಲ್ಲಿ ನಾನು ಅಷ್ಟು ಒಂಟಿಯಾದದ್ದು ಆ ಒಂದು ಗಳಿಗೆಯಲ್ಲಿ. ಗೆದ್ದ ಚರ್ಚೆಯನ್ನು ಒಪ್ಪಿಸಲು ಸೋತವನೇ ಇರಲಿಲ್ಲ.

"ಇದನ್ನೂ ತೆಗೆಯುತ್ತೇವೆ" ಎಂದಳು ಹೆಲೆನ್, ನನ್ನ ಸಂತೋಷ ನೋಡಿ ಸ್ವಲ್ಪ ಸಂಕೋಚದಿಂದಲೇ. "ಮೊಣಕಾಲು ನೋವಿನವರಿಗೆ ಹತ್ತಲು ಆಗುವುದಿಲ್ಲ. ಎಲ್ಲ ಕಡೆ ಗೇಟು ಇಡುತ್ತೇವೆ, ಬೀಗ ಇಲ್ಲದ ಗೇಟು."

ನನಗದು ಹಿಡಿಸಲಿಲ್ಲ. ಬೀಗವಿಲ್ಲದ ಗೇಟನ್ನು ನಾನು ಜೀವಮಾನದಲ್ಲಿ ಮಾರಿದವನಲ್ಲ.

ನಿಲ್ಲದ ಬಸ್ಸು

ಒಂದು ದಿನ ಹೆಲೆನ್ ಕೆಲಸಕ್ಕೆ ಹೋಗಿದ್ದಾಗ ಹತ್ತಿರದ ಪೇಟೆ ನೋಡಿ ಬರುವ ಎಂದು ಬಸ್ಸಿಗೆ ಕಾದೆ. ಬಸ್ಸು ಬಂತು, ನನ್ನೆದುರೇ ಬಂತು, ನಿಲ್ಲದೆ ಹೋಯಿತು. ಆಮೇಲೆ ತಿಳಿಯಿತು, ಕೈ ಎತ್ತಬೇಕಂತೆ. ನನಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಬಿ.ಸಿ.ರೋಡಿನಲ್ಲಿ ಸುಮ್ಮನೆ ನಿಂತವನನ್ನೂ ಕಂಡಕ್ಟರು ರಟ್ಟೆ ಹಿಡಿದು ಹತ್ತಿಸುತ್ತಾನೆ. ಧರ್ಮಸ್ಥಳಕ್ಕೆ ಹೋಗಲಿಕ್ಕಿಲ್ಲದವನೂ ಧರ್ಮಸ್ಥಳದ ಬಸ್ಸಿನೊಳಗೆ ಇರುತ್ತಾನೆ.

ಇನ್ನೊಂದು ಬಸ್ಸು ಇರಲಿಲ್ಲ. ರಸ್ತೆ ಹಿಡಿದು ನಡೆದೆ. ಒಂದು ಕಲ್ಲಿನ ಮನೆಯ ಎದುರು ವಯಸ್ಸಾದವರೊಬ್ಬರು ಗೋಡೆಗೆ ಒರಗಿ ನಿಂತಿದ್ದರು. ಹೆಸರು ಆರ್ಥರ್ ಎಂದರು. ಬಸ್ಸು ನಿಲ್ಲದ ಕಥೆ ಹೇಳಿದೆ, ನಕ್ಕರು. ಅವರ ಇಂಗ್ಲಿಷು ಅರ್ಧ ನನಗೆ ತಿಳಿಯಲಿಲ್ಲ, ನನ್ನದು ಅವರಿಗೆ ಅರ್ಧ ತಿಳಿದಿರಲಿಕ್ಕಿಲ್ಲ. ಆದರೂ ಮಳೆ, ಕಂಬ, ತಂತಿ ಎಂದು ಸುಮಾರು ಹೊತ್ತು ಮಾತಾಡಿದೆವು. ಅವರಿಗೆ ತಂತಿಯ ವಿಷಯ ಚೆನ್ನಾಗಿ ಗೊತ್ತಿತ್ತು. ಅವರ ಮನೆಯೆದುರು, ರಸ್ತೆಯ ಆಚೆ ಬದಿ, ಸಂಸ್ಥೆಯವರು ಇಟ್ಟ ಹೊಸ ಮರದ ಗೇಟು. ಅದರ ಮೇಲೆ ಹಕ್ಕಿಯ ಚಿತ್ರ, ನಡೆಯುವ ಮನುಷ್ಯನ ಚಿತ್ರ.

ಹೊರಡುವಾಗ ನಾನು "ಐ ವಿಲ್ ಕಮ್" ಎಂದು ಕೈ ಎತ್ತಿ ಹೊರಟೆ. ಬೇರೆ ಏನು ಹೇಳುವುದು? ಯಾರ ಮನೆಯಿಂದಲಾದರೂ "ಹೋಗ್ತೇನೆ" ಎಂದು ಎದ್ದವನಿಗೆ ನಮ್ಮ ತಾಯಂದಿರು ಸುಮ್ಮನಿರುತ್ತಾರೆಯೇ?

ಆರ್ಥರ್ ಅವರ ಮನೆಯೆದುರು

ಮರುದಿನ ಹೆಲೆನ್ ನನ್ನನ್ನು ಸಮುದ್ರ ತೋರಿಸಲು ಕರೆದೊಯ್ದಳು. ನಮ್ಮ ಉಳ್ಳಾಲದ ಸಮುದ್ರ ಕಂಡವನಿಗೆ ಅದು ಬೂದು ಬಣ್ಣದ ಚಳಿ ನೀರು, ಅಷ್ಟೆ. ಅದರ ಮಾರನೆಯ ದಿನ ಆ ರಸ್ತೆಯಲ್ಲಿ ಪುನಃ ನಡೆದಾಗ ಆರ್ಥರ್ ಅಲ್ಲೇ ನಿಂತಿದ್ದರು. ನನ್ನನ್ನು ಕಂಡು ನಗಲಿಲ್ಲ.

"ನೀವು ಬರ್ತೇನೆ ಅಂದಿದ್ದಿರಿ."

"ಎಲ್ಲಿಗೆ?"

"ಇಲ್ಲಿಗೆ. ನಿನ್ನೆ ಇಡೀ ದಿನ ಕಾದೆ. ಕೇಕು ತರಿಸಿದ್ದೆ."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಇದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ವಿವರಿಸಿದೆ. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವ ಕ್ರಮವಿಲ್ಲ, ಅದು ಒಳ್ಳೆಯ ಮಾತಲ್ಲ, ಬರುತ್ತೇನೆ ಎಂದು ಹೇಳಿಯೇ ಹೋಗುವುದು ಎಂದೆ. ಅವರು ಗಮನವಿಟ್ಟು ಕೇಳಿದರು.

"ಹಾಗಾದರೆ ನಿಜವಾಗಿ ಪುನಃ ಬರುವುದಿಲ್ಲ ಅಂತಿದ್ದರೆ ಏನು ಹೇಳ್ತೀರಿ?"

"ಆಗಲೂ ಬರ್ತೇನೆ ಅಂತಲೇ."

"ಕೇಳಿದವರು?"

ಕಾರಿನ ಕಿಟಕಿಯಿಂದ ಹೊರಬಂದ ಆ ಕೈ ಕಣ್ಣಿಗೆ ಕಟ್ಟಿತು. ಏನೂ ಮುಚ್ಚಿಡದೆ ಹೇಳುವುದಾದರೆ ನಾನು ಆ ರಸ್ತೆಯ ಬದಿಯಲ್ಲಿ ಅತ್ತೆ. ಊರಲ್ಲಿ, ನಮ್ಮವರ ಮಯ್ಯತ್ತಿನ ಮನೆಯೇ ಇರಲಿ ಬೇರೆಯವರ ಸಾವಿನ ಮನೆಯೇ ಇರಲಿ, ಓಡಾಟದ ಕೆಲಸ ಯಾವಾಗಲೂ ನನ್ನ ಪಾಲಿಗೆ. ಧರಣೇಂದ್ರ ಹೋದಾಗಲೂ ಕಟ್ಟಿಗೆ, ಕುರ್ಚಿ, ಶಾಮಿಯಾನ ಎಂದು ಓಡಾಡಿದ್ದೆ. ಅಳಲು ಪುರುಸೊತ್ತು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ.

ಆರ್ಥರ್ ಒಳಗಿನಿಂದ ಕೇಕು ತಂದರು. ನಿನ್ನೆಯದೇ. ಗೋಡೆಯ ಮೇಲೆ ಇಟ್ಟುಕೊಂಡು ಇಬ್ಬರೂ ತಿಂದೆವು. ಆಗ ಅವರು ಎದುರಿನ ಗೇಟು ತೋರಿಸಿ ಹೇಳಿದರು, "ಅದೆಲ್ಲ ನನ್ನದಾಗಿತ್ತು."

ಕಣಿವೆ ಅವರದ್ದು. ಹೆಂಡತಿ ತೀರಿದ ಮೇಲೆ ಕುರಿ ಸಾಕಲಾಗದೆ ಸಂಸ್ಥೆಗೆ ಮಾರಿದ್ದರು. ಮನೆ ಮಾತ್ರ ಅವರಿಗೆ ಬಿಟ್ಟಿದ್ದರು. ಮಾರಿದಂದಿನಿಂದ ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ.

"ಎಲ್ಲರಿಗೂ ತೆರೆದದ್ದಲ್ಲವೇ?" ಎಂದೆ.

"ಎಲ್ಲರಿಗೂ ತೆರೆದದ್ದು. ಅದಕ್ಕೇ. ನನ್ನ ಗುಡ್ಡಕ್ಕೆ ನಾನು ಪ್ರವಾಸಿಯಾಗಿ ಹೋಗುವುದಾ?"

"ಪ್ರವಾಸಿ ನಾನು" ಎಂದೆ. "ನನಗೆ ದಾರಿ ಗೊತ್ತಿಲ್ಲ. ನಮ್ಮಲ್ಲಿ ನೆಂಟರನ್ನು ದಾರಿಯವರೆಗೆ ಬಿಟ್ಟು ಬರುವ ಕ್ರಮ ಉಂಟು. ಬನ್ನಿ, ಸ್ವಲ್ಪ ದೂರ ಬಿಟ್ಟು ಬನ್ನಿ."

ಗೇಟಿನಿಂದ ಒಳಗೆ

ಅವರು ಕೋಲು ಹಿಡಿದು ಬಂದರು. ಬಲಗಾಲು ಎಳೆಯುತ್ತಿದ್ದರು. ಹಳೆಯ ತಡಮೆಯೇ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗೇಟು ತಳ್ಳಿದರೆ ತೆರೆಯಿತು. ಒಳಗೆ ಹೋದ ಮೇಲೆ ಆರ್ಥರ್ ತಿರುಗಿ ಅದನ್ನು ಜೋಪಾನವಾಗಿ ಮುಚ್ಚಿ ಚಿಲಕ ಹಾಕಿದರು. ತಪ್ಪಿಸಿಕೊಳ್ಳಲು ಒಳಗೆ ಒಂದು ಕುರಿಯೂ ಇರಲಿಲ್ಲ.

ಸ್ವಲ್ಪ ದೂರದಲ್ಲಿ ಕಟ್ಟ ಹಾಕಿದ ಚರಂಡಿ. ಅವರು ನಿಂತರು. "ಇದು ನಾನೂ ನನ್ನ ಅಪ್ಪನೂ ತೋಡಿದ್ದು" ಎಂದರು. ಕೋಲಿನಿಂದ ಕಟ್ಟದ ಮಣ್ಣು ಕುಟ್ಟಿದರು. ಎಷ್ಟು ಬೆನ್ನು ಮುರಿದು ತೋಡಿದ್ದರೋ, ಈಗ ಅದರಲ್ಲಿ ಕಪ್ಪು ನೀರು ನಿಂತು ಪಾಚಿ ಹಿಡಿದಿತ್ತು. ಅವರು ಹಿಂದಿರುಗಿ ಹೋಗುತ್ತಾರೆಂದೇ ನಾನು ಎಣಿಸಿದೆ. ಕರೆದುಕೊಂಡು ಬಂದದ್ದು ತಪ್ಪಾಯಿತೇನೋ ಎಂದು ನನಗೆ ಕಸಿವಿಸಿಯಾಯಿತು. ಆದರೂ ಅವರು ನಡೆದರು, ನನಗಿಂತ ಮುಂದೆ.

ಜವುಗಿನ ಅಂಚಿಗೆ ಬಂದಾಗ ಹುಲ್ಲಿನಿಂದ ಒಂದು ಹಕ್ಕಿ ಎದ್ದಿತು. ಕಂದು ಬಣ್ಣ, ಕೊಕ್ಕು ಕುಡುಗೋಲಿನ ಹಾಗೆ ಉದ್ದಕ್ಕೆ ಬಾಗಿದ್ದು. ಗಾಳಿಗೆ ಎದುರಾಗಿ ಮೇಲೇರುತ್ತ ಕೂಗಿತು. ಅಂಥ ಕೂಗು ನಾನು ಕೇಳಿಲ್ಲ. ಮೊದಲು ನಿಧಾನ, ಆಮೇಲೆ ಗುಳುಗುಳು ಎಂದು ಒಂದರ ಮೇಲೊಂದು.

ಆರ್ಥರ್ ಟೋಪಿ ತೆಗೆದರು. "ಕರ್ಲ್ಯೂ" ಎಂದರು. "ನಮ್ಮ ಮದುವೆಯಾದ ಹೊಸತರಲ್ಲಿ ಇತ್ತು. ಆಮೇಲೆ ಹೋಯಿತು. ಆಕೆ ಪ್ರತಿ ವರ್ಷ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದಳು. ನಾನು ಅದು ಇನ್ನು ಬರುವುದಿಲ್ಲ ಅಂತ ಹೇಳುತ್ತಿದ್ದೆ."

ಕಡಿದ ಮರದ ದಿಮ್ಮಿಯ ಮೇಲೆ ಕೂತೆವು. ಇಬ್ಬರಿಗೂ ಕೇಳಿಸಬೇಕಾದವರು ಬೇರೆ ಯಾರೋ, ಕೇಳುತ್ತ ಕೂತವರು ನಾವು. ಹಕ್ಕಿ ಮತ್ತೆ ಎರಡು ಸಲ ಸುತ್ತಿ ಬಂತು.

ನನಗೆ ಸುಮತಿಯಕ್ಕನ ಮೊಣಕಾಲು ನೆನಪಾಯಿತು. ಬಸದಿಯ ಮೆಟ್ಟಿಲನ್ನೇ ಅವರು ಪಕ್ಕಕ್ಕೆ ತಿರುಗಿ ಒಂದೊಂದಾಗಿ ಹತ್ತುವುದು. ತಡಮೆ ತಡಮೆ ಎಂದು ನಾನು ಹಟ ಹಿಡಿದದ್ದು ನಾನು ಹತ್ತಬಲ್ಲೆನೆಂಬ ಲೆಕ್ಕದಲ್ಲಿ. ಧರಣೇಂದ್ರನ ಬೇಲಿಯೂ ಅವರನ್ನು ಹೊರಗಿಡುತ್ತಿತ್ತು, ನನ್ನ ತಡಮೆಯೂ ಹೊರಗಿಡುತ್ತಿತ್ತು. ಹೆಲೆನ್ ಹೇಳಿದ್ದು ಆಗ ತಲೆಗೆ ಹೋಯಿತು.

ನಾನು ಊರಿಗೆ ಹೊರಟ ದಿನ ಆರ್ಥರ್ ಬಸ್ಸಿಗೆ ಕೈ ಎತ್ತಿ ನಿಲ್ಲಿಸಿಕೊಟ್ಟರು. ನಾನು ಮೆಟ್ಟಿಲು ಹತ್ತುವಾಗ ಒಂದು ಕ್ಷಣ ಕಾದು, ಅವರೇ ಹೇಳಿದರು, "ಐ ವಿಲ್ ಕಮ್."

"ಬರ್ತೇನೆ" ಎಂದೆ ನಾನೂ. ಅವರಿಗೂ ಗೊತ್ತು, ನನಗೂ ಗೊತ್ತು.

ಘಟ್ಟದ ಬುಡ

ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಿದೆ. ಊರಿನ ಕಡೆ ಕಲ್ಲುಕಂಬ ನೆಟ್ಟೆವು, ಮುಳ್ಳುತಂತಿ ಅಲ್ಲ, ಮೂರು ಸಾದಾ ತಂತಿ. ಕಾಲುದಾರಿ ಹಾಯುವಲ್ಲಿ ಗೇಟು, ಅಂಗಡಿಯಲ್ಲಿದ್ದವುಗಳಲ್ಲಿ ಹಗುರದ್ದು, ಒಂದು ಕೈಯಲ್ಲಿ ತಳ್ಳಿದರೆ ತೆರೆಯುವಂಥದ್ದು. ಮೇಲಿನ ಮನೆಗಳವರನ್ನು ಕರೆದು ಮಾತಾಡಿದೆ. ದಾರಿ ನಿಮ್ಮದು, ಉರುಳು ಕಂಡರೆ ಕಿತ್ತು ತಂದು ಕೊಡುವುದೂ ನಿಮ್ಮದು ಎಂದೆ. ಅವರು ಒಪ್ಪಿದರು. ಎಷ್ಟು ದಿನ ನಡೆಸುತ್ತಾರೋ ನೋಡಬೇಕು.

ಆದರೆ ಬೀಗದ ವಿಷಯದಲ್ಲಿ ನನ್ನ ವ್ಯಾಪಾರಿ ಬುದ್ಧಿ ಬಿಟ್ಟಿರಲಿಲ್ಲ. ಕತ್ತಲಾದ ಮೇಲೆ ಹಾಕುವುದಕ್ಕೆಂದು ಒಂದು ಬೀಗ ಜೇಬಿನಲ್ಲಿತ್ತು. ಉರುಳು ಇಡುವವರ ಬಗ್ಗೆ ಧರಣೇಂದ್ರನಿಗಿದ್ದ ಹೆದರಿಕೆ ಸುಳ್ಳಲ್ಲ. ಅವನ ಮಾತೂ ಒಂದಿಷ್ಟು ಉಳಿಯಲಿ ಎಂದಿತ್ತು.

ಸುಮತಿಯಕ್ಕನನ್ನು ಕಾರಿನಲ್ಲಿ ಕರೆತಂದೆ. ಗೇಟಿನ ಹತ್ತಿರ ಬಂದು ನಿಂತುಬಿಟ್ಟರು. ಧರಣೇಂದ್ರ ಇರುವಾಗಲೇ ರಬ್ಬರ್ ಕಡಿಸಿದ್ದಲ್ಲಿ ಬುಡಗಳ ನಡುವೆ ಏನೇನೋ ಚಿಗುರಿತ್ತು. ನಾನು ಆರ್ಥರ್ ಅವರ ಕಥೆ ಹೇಳಿದೆ. ಕೇಕಿನ ವಿಷಯ ಬಂದಾಗ ಅವರು, ಧರಣೇಂದ್ರ ಹೋದ ಮೇಲೆ ಮೊದಲ ಸಲ, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಆಮೇಲೆ ಗೇಟಿನ ಮೇಲೆ ಕೈಯಿಟ್ಟರು.

"ಹಮೀದಣ್ಣ, ಆ ದಿನ ನಿಮ್ಮ ಅಂಗಡಿಯ ಹತ್ತಿರ ಕಾರು ನಿಲ್ಲಿಸಿದ್ದರಂತಲ್ಲ. ಅವರು ಏನಾದರೂ ಹೇಳಿದರಾ?"

ಇಷ್ಟು ದಿನ ಅವರು ಕೇಳಿರಲಿಲ್ಲ. ನಾನಾಗಿ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

"ಬರ್ಪೆ ಅಂದ" ಎಂದೆ.

ಅವರು ಗೇಟು ತಳ್ಳಿ ಒಳಗೆ ಹೋದರು. ಪಕ್ಕಕ್ಕೆ ತಿರುಗಿ, ನಿಧಾನವಾಗಿ, ಕಾಲುದಾರಿಯಲ್ಲಿ ಒಂದಷ್ಟು ನಡೆದರು. ಮೇಲಿನ ಮನೆಯ ಹೆಂಗಸೊಬ್ಬಳು ಎದುರು ಬಂದು "ಅಕ್ಕ, ಬಂದ್ರಾ?" ಎಂದು ಕೇಳಿ ಇಳಿದು ಹೋದಳು. ಮರಳಿ ಬಂದಾಗ ಹೊತ್ತು ಮುಳುಗುವುದರಲ್ಲಿತ್ತು. ನಾನು ಗೇಟು ಎಳೆದುಕೊಂಡು ಜೇಬಿನಿಂದ ಬೀಗ ತೆಗೆದೆ.

ಸುಮತಿಯಕ್ಕ ನನ್ನ ಕೈ ನೋಡಿದರು.

"ಬರ್ತೇನೆ ಅಂದಿದ್ದಾರಲ್ಲ" ಎಂದರು. "ಬೀಗ ಹಾಕಬೇಡಿ."